ಶಿಫ್ಟ್ ಒಂದನ್ನೇ ಒತ್ತಿದರೆ

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಕ್ರಯಪತ್ರ, ವಿಭಾಗಪತ್ರ ಬರೆದುಕೊಡುವವರೊಬ್ಬರಿದ್ದರು. ಅವರು ನಮ್ಮ ಆಫೀಸಿಗೆ ಫೋನ್ ಮಾಡಿ, "ಹೊಸ ಕಂಪ್ಯೂಟರ್ ತಂದ್ಮೇಲೆ ನಿಮ್ ಸಾಫ್ಟ್‌ವೇರು ಇಂಗ್ಲಿಷಿಂದ ಕನ್ನಡಕ್ಕೆ ಬತ್ತಾನೇ ಇಲ್ಲ ಕಣಮ್ಮ" ಎಂದು ದೂರಿದರು. ಹೋಗಿ ನೋಡಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮದು ಹಾಸನದಲ್ಲಿ ಮೊದಲ ಮಹಡಿಯ ಎರಡು ಕೋಣೆಗಳಲ್ಲಿ ನಡೆಯುತ್ತಿದ್ದ ಸಣ್ಣ ಕಂಪನಿ. ಕನ್ನಡದಲ್ಲಿ ಟೈಪ್ ಮಾಡಲು ಒಂದು ಎಡಿಟರ್ ತಯಾರಿಸಿ ಮಾರುತ್ತಿದ್ದೆವು. ಮಾಲೀಕರೊಬ್ಬರು, ಪ್ರೋಗ್ರಾಮ್ ಬರೆಯುವವರು ಇಬ್ಬರು. ಆ ಇಬ್ಬರಲ್ಲಿ ನಾನೊಬ್ಬಳು. ಇನ್ನೊಬ್ಬರು ಬಾಗೂರು ಕಡೆಯವರು, ನನ್ನದೇ ವಯಸ್ಸಿನವರು. ನಾನು ಅರಕಲಗೂಡಿನಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಪತ್ರ ಬರಹಗಾರರ ತೊಂದರೆ ನೋಡಿದ ಕೂಡಲೇ ಅರ್ಥವಾಯಿತು. ನಮ್ಮ ಎಡಿಟರಿನಲ್ಲಿ ಭಾಷೆ ಬದಲಿಸಲು ಸ್ಕ್ರೋಲ್ ಲಾಕ್ ಎಂಬ ಕೀ ಒತ್ತಬೇಕಿತ್ತು. ಹಳೆಯ ಕೀಬೋರ್ಡುಗಳಲ್ಲಿ ಅದು ಬಲಗಡೆ ಮೇಲೆ, ಬೇರೆ ಯಾವ ಕೆಲಸಕ್ಕೂ ಬಾರದೆ ಸುಮ್ಮನೆ ಕೂತಿರುತ್ತಿತ್ತು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದನ್ನು ಕಿತ್ತುಹಾಕಿದ್ದಾರೆ. ಬದಲಿಗೆ ಎಡ ಮೂಲೆಯ ಎಫ್‌ಎನ್ ಹಿಡಿದು ಎಫ್ ಒಂಬತ್ತನ್ನು ಒತ್ತುವಂತೆ ಗೊತ್ತುಮಾಡಿಕೊಟ್ಟು ಎದ್ದೆ. ಆಗ ಮೂಲೆಯ ಮೇಜಿನಿಂದ ಒಂದು ದನಿ ಬಂತು.

"ಅದು ನನಗೆ ಎಟುಕಲ್ಲಮ್ಮ."

ಅವರು ಅಲ್ಲಿನ ಟೈಪಿಸ್ಟ್. ಐವತ್ತು ದಾಟಿದ ಹೆಂಗಸು, ಹೊಳೆನರಸೀಪುರದಲ್ಲೇ ಹುಟ್ಟಿ ಬೆಳೆದವರು. ಅಣ್ಣಂದಿರು ದೇವಸ್ಥಾನದ ಪೂಜೆಯಲ್ಲಿದ್ದರು. ಟೈಪ್‌ರೈಟರ್ ಮೆಷಿನ್ನಿನ ಕಾಲದಲ್ಲೇ ಕನ್ನಡ ಟೈಪಿಂಗಿನ ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದರಂತೆ. ಹಿಂದಿನ ವರ್ಷ ಲಕ್ವ ಹೊಡೆದು ಎಡಗೈ ಪೂರ್ತಿ ಬಿದ್ದುಹೋಗಿತ್ತು. ಅದನ್ನು ಸೆರಗಿನ ಕೆಳಗೆ ಮಡಿಲಲ್ಲಿ ಇಟ್ಟುಕೊಂಡು ಬಲಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದರು. ಮಾತು ಸ್ವಲ್ಪ ಒರಟು. ಯಾರಾದರೂ ಅಯ್ಯೋ ಪಾಪ ಅಂದರೆ ಮುಖ ತಿರುಗಿಸಿಬಿಡುತ್ತಿದ್ದರು.

"ಎಟುಕದಿದ್ರೆ ಬೇರೆ ಕೀ ಇಡೋಣ ಮೇಡಂ" ಅಂದೆ.

"ಭಾಷೆ ಹಾಗಿರಲಿ. ನನಗೆ ತೊಂದರೆ ಶಿಫ್ಟ್‌ದು. ನೋಡಿ ಇಲ್ಲಿ" ಎಂದು ಟೈಪ್ ಮಾಡಿ ತೋರಿಸಿದರು.

ನಮ್ಮ ಕೀಬೋರ್ಡಿನಲ್ಲಿ ದೀರ್ಘ ಬೇಕಾದರೆ ಶಿಫ್ಟ್, ಮಹಾಪ್ರಾಣ ಬೇಕಾದರೆ ಶಿಫ್ಟ್, ಣಕ್ಕೆ ಶಿಫ್ಟ್, ಳಕ್ಕೆ ಶಿಫ್ಟ್. ಹೊಳೆನರಸೀಪುರ ಅಂತ ಬರೆಯಲು ಎರಡು ಸಲ ಬೇಕು. ಬಲಗೈಯ ಕಿರುಬೆರಳಿನಿಂದ ಬಲಗಡೆಯ ಶಿಫ್ಟನ್ನು ಅದುಮಿ ಹಿಡಿದು ಅದೇ ಕೈಯ ಇನ್ನೊಂದು ಬೆರಳನ್ನು ಕೀಬೋರ್ಡಿನ ಎಡ ತುದಿಗೆ ಚಾಚಲು ಯಾರಿಗೂ ಆಗುವುದಿಲ್ಲ. ಶಿಫ್ಟ್ ಒತ್ತಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ತಾನೇ ಅಂಟಿಕೊಳ್ಳುವ ಸೌಲಭ್ಯ ಕಂಪ್ಯೂಟರಿನಲ್ಲೇ ಇದೆ. ಅದನ್ನು ಅವರು ಬಳಸಿಯೂ ನೋಡಿದ್ದರು. ಆದರೆ ಅದೇ ಕಂಪ್ಯೂಟರಿನಲ್ಲಿ ನಡುನಡುವೆ ಪತ್ರ ಬರಹಗಾರರೂ ಎರಡೂ ಕೈಯಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಅಕ್ಷರಗಳೆಲ್ಲ ಅಡ್ಡಾದಿಡ್ಡಿ ಬರತೊಡಗಿ, ಆ ಸೌಲಭ್ಯವನ್ನು ಆಫ್ ಮಾಡಿಬಿಟ್ಟಿದ್ದರು.

"ನಿಮ್ಮ ಎಡಿಟರ್ ಒಳಗೆ, ನಾನು ಕೂತಾಗ ಮಾತ್ರ, ಬಲಗಡೆ ಶಿಫ್ಟ್ ಒಂದನ್ನೇ ಒತ್ತಿ ಬಿಟ್ರೆ ಮುಂದಿನ ಅಕ್ಷರ ದೀರ್ಘ ಆಗಬೇಕು. ಬಲಗಡೆ ಕಂಟ್ರೋಲ್ ಒಂದನ್ನೇ ಒತ್ತಿ ಬಿಟ್ರೆ ಭಾಷೆ ಬದಲಾಗಬೇಕು. ಆಗತ್ತಾ ಆಗಲ್ವಾ, ಅಷ್ಟು ಹೇಳಿ."

ಪತ್ರ ಬರಹಗಾರರು ನಡುವೆ ಬಾಯಿ ಹಾಕಿದರು. "ಆದ್ರೆ ಮಾಡ್ಕೊಡಮ್ಮ. ಇವರಷ್ಟು ತಪ್ಪಿಲ್ದಂಗೆ ಪತ್ರ ಹೊಡೆಯೋರು ಈ ಸಾಲಲ್ಲೇ ಇಲ್ಲ. ಆದ್ರೆ ಪತ್ರ ಮಾಡ್ಸೋ ಪಾರ್ಟಿಗಳು ಕಾಯ್ಕಂಡು ಕುಂತಿರ್ತಾರೆ ನೋಡು. ಹಿಂಗೇ ನಿಧಾನ ಆದ್ರೆ ನಾನೂ ಎಷ್ಟು ದಿವ್ಸ ಅಂತ ತಡ್ಕಳ್ಳಲಿ?"

ಅವರು ಅದನ್ನು ಟೈಪಿಸ್ಟ್ ಮೇಡಂ ಎದುರೇ ಹೇಳಿದರು. ಮೇಡಂ ಕೇಳಿಸಿಕೊಳ್ಳದವರಂತೆ ಪರದೆ ನೋಡುತ್ತಿದ್ದರು.

ಆಗುತ್ತದೆ ಎಂದು ಹೇಳಿ ಬಂದೆ. ಬಸ್ಸಿನಲ್ಲಿ ಕೂತಾಗ ಅದು ಒಂದು ಮಧ್ಯಾಹ್ನದ ಕೆಲಸ ಅನಿಸಿತ್ತು.

ಶಿಫ್ಟ್, ಕಂಟ್ರೋಲ್, ಆಲ್ಟ್ ಇವಕ್ಕೆ ನಮ್ಮ ಕೆಲಸದಲ್ಲಿ ಮಾಡಿಫೈಯರ್ ಕೀ ಎನ್ನುತ್ತೇವೆ. ಒಂಟಿಯಾಗಿ ಒತ್ತಿದರೆ ಏನೂ ಆಗುವುದಿಲ್ಲ. ಇನ್ನೊಂದು ಕೀ ಜತೆ ಸೇರಿದಾಗ ಮಾತ್ರ ಅವಕ್ಕೆ ಅರ್ಥ. ನಮ್ಮ ಎಡಿಟರಿನಲ್ಲಿ ಯಾವ ಕೀಗೆ ಯಾವ ಕೆಲಸ ಎಂಬುದನ್ನು ಬಳಸುವವರೇ ಗೊತ್ತುಮಾಡಿಕೊಳ್ಳಬಹುದಿತ್ತು. ಆದರೆ ಈ ಮೂರು ಬಂದರೆ ಪ್ರೋಗ್ರಾಮು ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತಿತ್ತು. ಆ ತಡೆಯನ್ನು ತೆಗೆದರೆ ಮುಗಿಯಿತು ಅಂದುಕೊಂಡೆ.

ತೆಗೆದೆ. ಕಂಟ್ರೋಲ್ ಒತ್ತಿದ ಕೂಡಲೇ ಭಾಷೆ ಬದಲಾಗುವಂತೆ ಮಾಡಿದೆ. ಆಮೇಲೆ ಎಂದಿನಂತೆ ಒಂದು ಸಾಲು ನಕಲು ಮಾಡಲು ಕಂಟ್ರೋಲ್ ಜತೆ ಸಿ ಒತ್ತಲು ಹೋದರೆ, ಸಿ ತಲುಪುವ ಮೊದಲೇ ಭಾಷೆ ಬದಲಾಗಿತ್ತು. ಕೀ ಒತ್ತಿದ ಗಳಿಗೆಯಲ್ಲಿ, ಇವರು ಅದನ್ನು ಒಂಟಿಯಾಗಿ ಬಿಡುತ್ತಾರೋ ಇನ್ನೊಂದರ ಜತೆ ಸೇರಿಸುತ್ತಾರೋ ಎಂದು ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಒತ್ತಿದಾಗ ಸುಮ್ಮನಿದ್ದು, ಬಿಟ್ಟಾಗ ಕೆಲಸ ಮಾಡಬೇಕು. ಹಾಗೆ ಮಾಡಿದೆ. ಈಗ ನಕಲು ಸರಿಯಾಗಿ ಆಯಿತು. ಆದರೆ ಕಂಟ್ರೋಲಿನಿಂದ ಬೆರಳು ತೆಗೆದ ಮೇಲೆ ಭಾಷೆ ಮತ್ತೆ ಬದಲಾಯಿತು. ಹಾಗಾಗಿ ಒತ್ತಿದ್ದಕ್ಕೂ ಬಿಟ್ಟಿದ್ದಕ್ಕೂ ನಡುವೆ ಬೇರೆ ಕೀ ಏನಾದರೂ ಬಂತೇ ಎಂದು ನೆನಪಿಡಬೇಕಾಯಿತು. ಬಂದಿದ್ದರೆ ಸುಮ್ಮನಿರಬೇಕು. ಬರದಿದ್ದರೆ ಮಾತ್ರ ಅದು ಒಂಟಿ ಒತ್ತು.

ಅದೂ ಸಾಲಲಿಲ್ಲ. ಕೀಯನ್ನು ಅದುಮಿ ಹಿಡಿದರೆ ಕಂಪ್ಯೂಟರು ಒಂದೇ ಸಮನೆ "ಒತ್ತಿದರು, ಒತ್ತಿದರು" ಎಂದು ಹೇಳುತ್ತಲೇ ಇರುತ್ತದೆ. ಅದರಲ್ಲಿ ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಶಿಫ್ಟ್ ಹಿಡಿದು ಮೌಸಿನಲ್ಲಿ ಕ್ಲಿಕ್ ಮಾಡಿ ಸಾಲು ಆರಿಸುವವರಿದ್ದಾರೆ. ಆ ಕ್ಲಿಕ್ಕನ್ನೂ ನಡುವೆ ಬಂದದ್ದು ಎಂದೇ ಎಣಿಸಬೇಕು. ಕೆಲವು ಕೀಬೋರ್ಡುಗಳಲ್ಲಿ ಬಲಗಡೆಯ ಆಲ್ಟ್ ಒತ್ತಿದರೆ, ಯಾರೂ ಮುಟ್ಟದ ಎಡಗಡೆಯ ಕಂಟ್ರೋಲನ್ನೂ ಒತ್ತಿದರು ಎಂದು ಕಂಪ್ಯೂಟರು ವರದಿ ಕೊಡುತ್ತದೆ. ಆ ಸುಳ್ಳನ್ನು ಬೇರೆ ಮಾಡಲು ನನಗೆ ಬಹಳ ಹೊತ್ತು ಹಿಡಿಯಿತು.

ಎಲ್ಲಕ್ಕಿಂತ ಸತಾಯಿಸಿದ್ದು ಇನ್ನೊಂದು. ಬಾಗೂರಿನ ಸಹೋದ್ಯೋಗಿ ನನ್ನ ಪ್ರೋಗ್ರಾಮನ್ನು ಪರೀಕ್ಷೆ ಮಾಡುತ್ತಾ ಒಂದು ಬೆಳಿಗ್ಗೆ ಕರೆದರು.

"ಮೇಡಮ್ಮಾರೇ, ಬನ್ನಿ ಇಲ್ಲಿ. ಆಲ್ಟ್ ಸಿಗಾಕ್ಕೊಂಡ್ಬುಟ್ಟದೆ. ಏನ್ ಒತ್ತಿದ್ರೂ ಮೆನುನೇ ಬತ್ತದೆ."

ಆಲ್ಟ್ ಮತ್ತು ಟ್ಯಾಬ್ ಒತ್ತಿ ಅವರು ಬೇರೆ ಪ್ರೋಗ್ರಾಮಿನ ಕಿಟಕಿಗೆ ಹೋಗಿದ್ದರು. ಒತ್ತಿದ್ದು ನಮ್ಮ ಎಡಿಟರಿನಲ್ಲಿ, ಬಿಟ್ಟದ್ದು ಇನ್ನೊಂದರಲ್ಲಿ. ಬಿಟ್ಟ ಸುದ್ದಿ ನಮಗೆ ಬರಲೇ ಇಲ್ಲ. ನಮ್ಮ ಎಡಿಟರು ಆಲ್ಟ್ ಇನ್ನೂ ಅದುಮಿಕೊಂಡೇ ಇದೆ ಎಂದು ನಂಬಿ ಕೂತಿತ್ತು. ಕಿಟಕಿ ಬಿಟ್ಟು ಹೋದ ಕೂಡಲೇ ಹಿಂದಿನದೆಲ್ಲವನ್ನೂ ಮರೆತುಬಿಡಬೇಕು ಎಂಬ ನಿಯಮ ಹಾಕಿದ ಮೇಲೆ ಅದು ಸರಿಹೋಯಿತು. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡದ್ದು ಅಷ್ಟು ಹೊತ್ತಿಗೆ ವಾರಗಳನ್ನು ತಿಂದಿತ್ತು.

ಹೊಳೆನರಸೀಪುರಕ್ಕೆ ತೆಗೆದುಕೊಂಡು ಹೋಗಿ ಹಾಕಿಕೊಟ್ಟೆ. ಶಿಫ್ಟ್ ಒತ್ತಿ ಬಿಟ್ಟರೆ ಕರ್ಸರಿನ ಗೆರೆ ಕೆಂಪಾಗುತ್ತಿತ್ತು. ಮುಂದಿನ ಅಕ್ಷರ ಬಿದ್ದ ಮೇಲೆ ಮತ್ತೆ ಕಪ್ಪಾಗುತ್ತಿತ್ತು. ಮೇಡಂ ಮೊದಲು ತಮ್ಮ ಊರಿನ ಹೆಸರು ಬರೆದರು. ಆಮೇಲೆ ಮೇಜಿನ ಮೇಲಿದ್ದ ಒಂದು ವಿಭಾಗಪತ್ರದ ಕರಡನ್ನು ಎಳೆದುಕೊಂಡು ಮೊದಲಿನಿಂದ ಟೈಪ್ ಮಾಡತೊಡಗಿದರು. ಜಮೀನಿನ ಚಕ್ಕುಬಂದಿ ಬರೆಯುವಾಗ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ತುಟಿ ಅಲ್ಲಾಡಿಸುತ್ತಿದ್ದರು. ಬೆರಳು ನಿಧಾನವೇ. ಶಿಫ್ಟಿನ ಮೇಲೆ ಕಿರುಬೆರಳು ಇಳಿದು, ಅಲ್ಲೇ ಸ್ವಲ್ಪ ಹೊತ್ತು ಕೂತು, ಆಮೇಲೆ ಏಳುತ್ತಿತ್ತು. ಆದರೆ ಎಲ್ಲೂ ನಿಲ್ಲಲಿಲ್ಲ.

ಪುಟ ಮುಗಿದ ಮೇಲೆ ನನ್ನ ಕಡೆ ನೋಡಿ, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು ಎಂದು ಪತ್ರ ಬರಹಗಾರರ ಮುಖ ನೋಡಿ ತಿಳಿದುಕೊಂಡೆ. ಮೇಡಂ ಎದುರಿನ ಅಂಗಡಿಯಿಂದ ಕಾಫಿ ತರಿಸಿಕೊಟ್ಟರು. ನನ್ನ ಕೆಲಸದ ಬದುಕಿನಲ್ಲಿ ನಾನು ಬರೆದದ್ದು ಒಬ್ಬರಿಗೆ ಹೀಗೆ ನೇರವಾಗಿ ಉಪಯೋಗವಾದದ್ದನ್ನು ಕಣ್ಣಾರೆ ಕಂಡಿದ್ದು ಅದೇ ಮೊದಲು.

ಮಾಲೀಕರಿಗೆ ಹೇಳಿದಾಗ ಅವರಿಗೂ ಖುಷಿಯಾಯಿತು. ಖುಷಿ ಹೆಚ್ಚಾಗಿಯೇ ಆಯಿತು.

"ಇದನ್ನ ಎಲ್ಲರಿಗೂ ಆನ್ ಮಾಡಿ ಕಳಿಸೋಣ ಮೇಡಂ. ಹೊಸ ಫೀಚರ್ ಅಂತ ಹೇಳೋಕೆ ಏನಾದ್ರೂ ಬೇಕಲ್ಲ."

"ಬೇಡ ಸರ್. ಬೇಕಾದವರು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡ್ಕೊಳ್ಳಲಿ. ಬೇಡದವರಿಗೆ ಇದು ತೊಂದರೆ ಕೊಡತ್ತೆ."

"ಸೆಟ್ಟಿಂಗ್ಸ್ ಯಾರ್ ನೋಡ್ತಾರೆ ರೀ" ಎಂದು ನಕ್ಕರು. ಎಲ್ಲರಿಗೂ ಆನ್ ಆಗಿಯೇ ಹೋಯಿತು.

ನಾನು ಹೆದರಿದ್ದೇ ಆಯಿತು. ದೊಡ್ಡದೊಂದು ತರಬೇತಿ ಸಂಸ್ಥೆ ತನ್ನ ಎಲ್ಲ ಕೇಂದ್ರಗಳಿಗೂ ನಮ್ಮ ಎಡಿಟರನ್ನು ಕೊಳ್ಳುವ ಯೋಚನೆಯಲ್ಲಿತ್ತು. ಮೊದಲು ಚನ್ನರಾಯಪಟ್ಟಣದ ಕೇಂದ್ರದಲ್ಲಿ ಬಳಸಿ ನೋಡುತ್ತಿತ್ತು. ಅಲ್ಲಿನ ಮೇಷ್ಟ್ರು ಫೋನ್ ಮಾಡಿದರು. ಟೈಪಿಂಗ್ ಕಲಿಯುವವರು ಮುಂದಿನ ಪದ ಯೋಚಿಸುತ್ತಾ ಶಿಫ್ಟಿನ ಮೇಲೆ ಬೆರಳು ಇಟ್ಟುಕೊಂಡು ಕೂರುತ್ತಾರೆ. ಆಮೇಲೆ ಮನಸ್ಸು ಬದಲಾಯಿಸಿ ಬೆರಳು ತೆಗೆಯುತ್ತಾರೆ. ಮುಂದಿನ ಅಕ್ಷರ ದೀರ್ಘವೋ ಮಹಾಪ್ರಾಣವೋ ಆಗಿಬಿಡುತ್ತಿತ್ತು. ಮಗ ಎಂದು ಬರೆಯಲು ಹೋದರೆ ಮಘ.

ನಾನು ಚನ್ನರಾಯಪಟ್ಟಣಕ್ಕೆ ಹೋಗಿ ಒಂದು ದಿನವೆಲ್ಲ ಹುಡುಗಿಯರ ಹಿಂದೆ ನಿಂತು ಬೆರಳುಗಳನ್ನೇ ನೋಡಿದೆ. ಮೇಷ್ಟ್ರು ಹೇಳಿದ್ದು ನಿಜ. ಹಿಂದಿರುಗಿದಾಗ ಮಾಲೀಕರ ಬಳಿ ಪರಿಹಾರ ಸಿದ್ಧವಾಗಿತ್ತು.

"ಟೈಮರ್ ಹಾಕಿ. ಚಟ್ ಅಂತ ಒತ್ತಿ ಬಿಟ್ರೆ ಮಾತ್ರ ಲೆಕ್ಕ. ಇಟ್ಕೊಂಡು ಕೂತ್ರೆ ಲೆಕ್ಕ ಇಲ್ಲ. ಸಿಂಪಲ್ಲು."

ಎಷ್ಟೋ ಕಡೆ ಹಾಗೆ ಮಾಡಿರುವುದೂ ಉಂಟು. ನಾನೂ ಹಾಕಿ ನೋಡಿದೆ. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಹೊಳೆನರಸೀಪುರದಲ್ಲಿ ಕಂಡ ಹಾಗೆ ನಿಧಾನವಾಗಿ ಕಿರುಬೆರಳು ಇಳಿಸಿ ಏಳಿಸಿ ಟೈಪ್ ಮಾಡಿದೆ. ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಬಿಡುತ್ತಿತ್ತು. ಯೋಚಿಸುತ್ತಾ ಕೂತ ಹುಡುಗಿಯ ಬೆರಳಿಗೂ ಶಕ್ತಿ ಇಲ್ಲದ ಹೆಂಗಸಿನ ಬೆರಳಿಗೂ ಗಡಿಯಾರದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಸಮಯ ಅಳೆದು ಮನಸ್ಸು ತಿಳಿಯಲು ಹೋದರೆ ಯಾರಿಗಾದರೂ ಒಬ್ಬರಿಗೆ ಅನ್ಯಾಯವಾಗುತ್ತದೆ.

ಅಲ್ಲಿ ನಾನು ಒಂದು ತೀರ್ಮಾನಕ್ಕೆ ಬಂದೆ. ಟೈಮರ್ ಬೇಡವೇ ಬೇಡ. ಎಷ್ಟು ಹೊತ್ತು ಒತ್ತಿದರು ಎಂದು ಕೇಳುವುದು ಬೇಡ. ನಡುವೆ ಏನಾದರೂ ಬಂತೇ ಎಂದಷ್ಟೇ ಕೇಳಬೇಕು. ಯಾರಿಗೆ ಈ ಸೌಲಭ್ಯ ಬೇಕೋ ಅವರು ತಮ್ಮ ಹೆಸರಿನಲ್ಲಿ ಆನ್ ಮಾಡಿಕೊಳ್ಳಬೇಕು, ಮಿಕ್ಕವರಿಗೆ ಅದು ಇರಲೇಬಾರದು. ಟೈಮರನ್ನು ಅಳಿಸಿ, ಬಳಸುವವರ ಹೆಸರಿಗೆ ತಕ್ಕಂತೆ ಕೀಗಳನ್ನು ಇಡುವ ಪುಟವೊಂದನ್ನು ಮಾಡಿ ಮಾಲೀಕರಿಗೆ ತೋರಿಸಿದೆ.

"ಸರಿ, ನೋಡೋಣ ಬಿಡಿ" ಎಂದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಅದಾದ ಮೇಲೆ ನನ್ನ ತಾಯಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ರಜೆ ಹಾಕಿದೆ. ತಿರುಗಿ ಬಂದಾಗ ಮುದ್ರಣದಲ್ಲಿ ಒತ್ತಕ್ಷರಗಳು ಕತ್ತರಿಸಿಹೋಗುತ್ತಿದ್ದ ಇನ್ನೊಂದು ತೊಂದರೆಯನ್ನು ನನಗೆ ವಹಿಸಿದರು. ಶಿಫ್ಟಿನ ವಿಷಯ ಯಾರೂ ಎತ್ತಲಿಲ್ಲ. ಚನ್ನರಾಯಪಟ್ಟಣದಿಂದ ದೂರು ನಿಂತಿತು. ಹೊಳೆನರಸೀಪುರದಿಂದ ಫೋನೇ ಬರಲಿಲ್ಲ. ಎಲ್ಲ ಸರಿಯಿದೆ ಎಂದೇ ಭಾವಿಸಿದೆ.

ಕೆಲವು ತಿಂಗಳ ಮೇಲೆ ಮಾಲೀಕರು ನನ್ನನ್ನು ಒಳಗೆ ಕರೆದು, ಬಣ್ಣದ ಒಂದು ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ತರಬೇತಿ ಸಂಸ್ಥೆಯ ಸಮಿತಿಯವರು ಎಡಿಟರನ್ನು ನೋಡಲು ಹಾಸನಕ್ಕೆ ಬರುವವರಿದ್ದರು. ಅವರಿಗಾಗಿ ಮಾಡಿಸಿದ ಹಾಳೆ ಅದು. ಅದರಲ್ಲಿ ಟೈಪಿಸ್ಟ್ ಮೇಡಂ ಅವರ ಫೋಟೊ ಇತ್ತು, ಕೆಳಗೆ "ಒಂದೇ ಕೈಯಲ್ಲಿ ಕನ್ನಡ" ಎಂದಿತ್ತು. ಹಿಂದೊಮ್ಮೆ ನಾನೇ ಮೊಬೈಲಿನಲ್ಲಿ ತೆಗೆದು ಆಫೀಸಿನವರಿಗೆ ಕಳಿಸಿದ್ದ ಫೋಟೊ.

"ಅವರನ್ನ ಕೇಳಿದ್ರಾ ಸರ್?"

"ಕೇಳೋದಕ್ಕೇ ನಿಮ್ಮನ್ನ ಕಳಿಸ್ತಾ ಇರೋದು. ಆ ದಿನ ಬಂದು ಸಮಿತಿ ಮುಂದೆ ಒಂದು ಪುಟ ಹೊಡೆದು ತೋರಿಸ್ಲಿ. ಕಾರ್ ಕಳಿಸ್ತೀನಿ ಅಂತ ಹೇಳಿ."

ಹೊಳೆನರಸೀಪುರಕ್ಕೆ ಹೋದೆ. ಮೂಲೆಯ ಮೇಜಿನಲ್ಲಿ ಬೇರೆ ಯಾರೋ ಯುವತಿ ಟೈಪ್ ಮಾಡುತ್ತಿದ್ದಳು. ಮೇಡಂ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಅವಳು ಹೊಡೆದ ಪತ್ರಗಳನ್ನು ಓದಿ ತಪ್ಪು ಗುರುತು ಹಾಕುತ್ತಿದ್ದರು.

"ಏನ್ ಮಾಡಾಣಮ್ಮ" ಎಂದರು ಪತ್ರ ಬರಹಗಾರರು, ನಾನು ಕೇಳುವ ಮೊದಲೇ. "ಚೆಂದಾಗೇ ಇತ್ತು. ಆಮೇಲೆ ತಪ್ಪು ಬರಾಕೆ ಸುರುವಾಯ್ತು. ಮಗಳು ಅನ್ನಕ್ಕೆ ಮಗಲು. ತೋಟ ಅನ್ನಕ್ಕೆ ತೊಟ. ಒಂದ್ ಪತ್ರ ರಿಜಿಸ್ಟ್ರಾರ್ ಟೇಬಲ್ ತಂಕ ಓಗಿ ವಾಪಸ್ ಬಂತು. ಪಾರ್ಟಿ ನನ್ ಮ್ಯಾಲೆ ಬಿದ್ರು. ನಾನಾಗಿ ಬ್ಯಾಡ ಅನ್ನಲಿಲ್ಲ. ಅವರೇ ಎದ್ದು ಓಗಿ ಅಲ್ಲಿ ಕುಂತ್ಕಂಡ್ರು."

ಮೇಡಂ ಪಕ್ಕದಲ್ಲಿ ಕೂತು ಏನಾಯಿತು ಎಂದು ಕೇಳಿದೆ. ಅವರು ತಮ್ಮ ಬಲಗೈಯನ್ನು ಮಂಡಿಯ ಮೇಲೆ ಬಿಡಿಸಿಟ್ಟು ಅದನ್ನೇ ನೋಡುತ್ತಾ ಹೇಳಿದರು.

"ಇದಕ್ಕೂ ಬಂತು ಅಂತ ಕಾಣತ್ತೆ. ಬೆಳಿಗ್ಗೆ ಬಂದಾಗ ಒಂದಿಷ್ಟು ಹೊತ್ತು ಸರಿಯಾಗಿ ಒತ್ತತ್ತೆ. ಮಧ್ಯಾಹ್ನದ ಮೇಲೆ ಶಿಫ್ಟ್ ಒತ್ತಿದೀನಿ ಅಂತ ನಾನು ಅಂದ್ಕೋತೀನಿ, ಅದು ಒತ್ತಿರಲ್ಲ. ಎಡಗೈಗೂ ಮೊದಲು ಹೀಗೇ ಆಗಿತ್ತು. ಲೋಟ ಹಿಡಿದಿದೀನಿ ಅಂದ್ಕೊಳ್ತಿದ್ದೆ, ಹಿಡಿದಿರ್ತಿರಲಿಲ್ಲ."

"ಡಾಕ್ಟರಿಗೆ ತೋರಿಸಿದ್ರಾ?"

"ಹಾಸನಕ್ಕೆ ಹೋಗಿ ಬಂದೆ. ಏನೇನೋ ಪರೀಕ್ಷೆ ಮಾಡಿದ್ರು. ಏನೂ ಇಲ್ಲ ಅಂದ್ರು. ಏನೂ ಇಲ್ಲದೆ ಹೀಗಾಗತ್ತೇನು? ಬಿಸಿ ಪಾತ್ರೆ ಇಳಿಸೋದು ಬಿಟ್ಟಿದೀನಿ. ದೀಪ ಹಚ್ಚೋದಕ್ಕೂ ಸೊಸೆಗೆ ಹೇಳ್ತೀನಿ."

ನಾನು ಎದ್ದು ಹೋಗಿ ಆ ಯುವತಿಯನ್ನು ಒಂದು ನಿಮಿಷ ಜಾಗ ಬಿಡಲು ಕೇಳಿದೆ. ಎಡಿಟರನ್ನು ಮೇಡಂ ಹೆಸರಿನಲ್ಲಿ ತೆರೆಯಲು ನೋಡಿದರೆ ಹೆಸರು ಆರಿಸುವ ಪುಟವೇ ಇಲ್ಲ. ಬಲಗಡೆಯ ಶಿಫ್ಟನ್ನು ಚಟ್ಟನೆ ಒತ್ತಿ ಬಿಟ್ಟೆ. ಕರ್ಸರ್ ಕೆಂಪಾಯಿತು. ಮತ್ತೆ ನಿಧಾನವಾಗಿ ಒತ್ತಿ ಬಿಟ್ಟೆ. ಆಗಲಿಲ್ಲ. ಇನ್ನೊಮ್ಮೆ ನಿಧಾನವಾಗಿ. ಆಗಲಿಲ್ಲ.

ಹೊರಗೆ ಬಂದು ಬಾಗೂರಿನ ಸಹೋದ್ಯೋಗಿಗೆ ಫೋನ್ ಮಾಡಿದೆ.

"ಟೈಮರ್ ಯಾರು ಹಾಕಿದ್ದು?"

"ನೀವು ರಜದಾಗಿದ್ರಿ. ಚನ್ನರಾಯಪಟ್ಟಣದೋರು ದಿನಾ ಫೋನ್ ಮಾಡೋರು. ಸಾರು ಆಕು ಅಂದ್ರು, ಆಕ್ದೆ. ಆ ಹೆಸ್ರಿನ ಪುಟಾನೂ ತೆಗಿ ಅಂದ್ರು, ಜನಕ್ಕೆ ಗೊಂದ್ಲ ಆಯ್ತದೆ ಅಂತ. ನಿಮಗೆ ಸಾರೇ ಏಳಿರ್ತಾರೆ ಅಂದ್ಕಂಡೆ."

"ಹೊಳೆನರಸೀಪುರಕ್ಕೂ ಹೋಯ್ತಾ ಅದು?"

"ಅಪ್‌ಡೇಟ್ ಎಲ್ಲಾರ್ಗೂ ತಾನಾಗೇ ಓಯ್ತದಲ್ಲ ಮೇಡಂ."

ಒಳಗೆ ಬಂದು ಮೇಡಂಗೆ ಇದ್ದುದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ಕೈಗೆ ಏನೂ ಆಗಿಲ್ಲ, ಸಾಫ್ಟ್‌ವೇರನ್ನು ಬದಲಾಯಿಸಿದ್ದಾರೆ, ಬೇಗ ಒತ್ತಿ ಬಿಟ್ಟರೆ ಮಾತ್ರ ಹಿಡಿಯುವ ಹಾಗೆ ಮಾಡಿದ್ದಾರೆ, ಬೆಳಿಗ್ಗೆ ನಿಮ್ಮ ಬೆರಳು ಚುರುಕಾಗಿರುವುದರಿಂದ ಹಿಡಿಯುತ್ತದೆ, ದಣಿದ ಮೇಲೆ ಹಿಡಿಯುವುದಿಲ್ಲ. ಅವರ ಮುಖ ಹಗುರಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ. ಅವರು ನನ್ನನ್ನು ನೋಡಿದ ನೋಟವನ್ನು ಇಂದಿಗೂ ವಿವರಿಸಲಾರೆ.

"ಎಷ್ಟು ದಿನದಿಂದ?"

ಹೇಳಿದೆ.

"ಅಷ್ಟು ದಿನದಿಂದ ನಾನು ಕೈ ಹೋಯ್ತು ಅಂತ ಕೂತಿದೀನಿ. ಬದಲಾಯಿಸಿದೀವಿ ಅಂತ ಒಂದು ಮಾತು ಹೇಳೋಕೆ ನಿಮ್ಮಲ್ಲಿ ಯಾರಿಗೂ ಬಾಯಿರಲಿಲ್ವೇ?"

ನನಗೇ ಗೊತ್ತಿರಲಿಲ್ಲ ಎಂದು ಹೇಳುವುದು ಆ ಹೊತ್ತಿನಲ್ಲಿ ಚಿಲ್ಲರೆಯಾಗಿ ಕಂಡಿತು. ಬಣ್ಣದ ಹಾಳೆಯನ್ನು ತೆಗೆದು ಅವರ ಕೈಗೆ ಕೊಟ್ಟು, ನಾನು ಯಾಕೆ ಬಂದೆ ಎಂಬುದನ್ನೂ ಹೇಳಿಬಿಟ್ಟೆ. ಅವರು ಫೋಟೊ ನೋಡಿದರು. ಹರಿದುಹಾಕುತ್ತಾರೆ ಎಂದುಕೊಂಡೆ. ಮಡಚಿ ಬೆಂಚಿನ ಮೇಲೆ ಇಟ್ಟರು.

"ಬರ್ತೀನಿ. ಆದ್ರೆ ಅವತ್ತು ನನ್ನ ಮುಂದೆ ಇಡೋದು ಇದೇ ಆಗಿರಬೇಕು. ಎಲ್ಲರಿಗೂ ಏನು ಕಳಿಸಿದೀರೋ ಅದೇ. ತೋರಿಸೋಕೆ ಬೇರೆ ಒಂದನ್ನ ಇಡಬೇಡಿ."

ಹಾಸನಕ್ಕೆ ಬಂದು ಮಾಲೀಕರ ಬಳಿ ಜಗಳವಾಡಿದೆ. ಜಗಳ ಎಂದರೆ ನಾನೊಬ್ಬಳೇ ಆಡಿದ್ದು. ಅವರು ದನಿ ಏರಿಸಲೇ ಇಲ್ಲ.

"ಒಬ್ಬರಿಗೋಸ್ಕರ ನೂರಾರು ಜನಕ್ಕೆ ತೊಂದರೆ ಮಾಡೋಕಾಗತ್ತಾ, ನೀವೇ ಹೇಳಿ. ಆರ್ಡರ್ ಆಗ್ಲಿ. ಆಮೇಲೆ ಏನ್ ಬೇಕಾದ್ರೂ ಹಾಕೋಣ. ಸದ್ಯಕ್ಕೆ ಡೆಮೊ ಕಂಪ್ಯೂಟರ್‌ಗೆ ನಿಮ್ಮ ಹಳೇ ವರ್ಷನ್ ಹಾಕಿ. ಅದ್ರಲ್ಲಿ ಚೆನ್ನಾಗೇ ಬರತ್ತಲ್ಲ."

"ನಾವು ಮಾರ್ತಾ ಇರೋದು ಅದಲ್ಲವಲ್ಲ ಸರ್."

"ಯಾರಿಗೆ ಗೊತ್ತಾಗತ್ತೆ?"

ಡೆಮೊ ದಿನ ಬೆಳಿಗ್ಗೆ ನಾನು ಹಳೆಯದನ್ನು ಹಾಕಲಿಲ್ಲ. ಸಮಿತಿಯ ಮೂವರು ಮೆಟ್ಟಿಲು ಹತ್ತುವ ಸದ್ದು ಕೇಳಿದ ಮೇಲೆ ಮಾಲೀಕರಿಗೆ ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು. ಆದರೆ ಬಾಗಿಲು ತೆರೆಯಲು ನಗುತ್ತಲೇ ಹೋದರು.

ಮೇಡಂ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಒಂದು ಕ್ರಯಪತ್ರದ ಪುಟವನ್ನು ಎದುರಿಗೆ ನಿಲ್ಲಿಸಿ ಟೈಪ್ ಮಾಡಲು ಕೂತರು. ಮೊದಲ ಸಾಲುಗಳು ಸರಿಯಾಗಿಯೇ ಬಂದವು. ಆಮೇಲೆ ಕಿರುಬೆರಳು ನಿಧಾನವಾಯಿತು. ಶಿಫ್ಟ್ ಹಿಡಿಯಲಿಲ್ಲ. ಅವರು ಅಳಿಸಲಿಲ್ಲ, ತಿದ್ದಲಿಲ್ಲ. ತಪ್ಪು ಬಿದ್ದ ಕಡೆ ಬಿದ್ದ ಹಾಗೇ ಬಿಟ್ಟು ಮುಂದೆ ಹೋದರು. ಬಾಗೂರು ಬಗುರು ಆಯಿತು. ಹಣ ಹನ ಆಯಿತು. ಕೊನೆಯವರೆಗೂ ಹೊಡೆದು ಕೈಯನ್ನು ಮಡಿಲಿಗೆ ತೆಗೆದುಕೊಂಡರು.

ಸಮಿತಿಯವರು ಚಪ್ಪಾಳೆ ತಟ್ಟಿದರು.

ಮೂವರೂ ಅವರ ಕೈಯನ್ನೇ ನೋಡುತ್ತಿದ್ದರು. ಒಬ್ಬರಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಪರದೆಯನ್ನು ಯಾರೂ ಓದಿರಲಿಲ್ಲ.

ನಾನು ಮುಂದೆ ಹೋಗಿ ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ, ಇದ್ದ ಹಾಗೆಯೇ ಓದಿದೆ. ನಾಲ್ಕು ಸಾಲು ಓದಿ ನಿಲ್ಲಿಸಿದೆ. "ಇವರು ತಪ್ಪು ಹೊಡೀಲಿಲ್ಲ. ಎಲ್ಲ ಕಡೆಯೂ ಶಿಫ್ಟ್ ಒತ್ತಿದಾರೆ. ನಮ್ಮ ಎಡಿಟರ್ ಅದನ್ನ ತಗೊಳ್ಳಲಿಲ್ಲ" ಎಂದೆ. ಯಾಕೆ ತಗೊಳ್ಳಲಿಲ್ಲ ಎಂಬುದನ್ನೂ ಹೇಳಿದೆ.

ಸಮಿತಿಯ ಹಿರಿಯರು, "ಇರಲಿ ಬಿಡಮ್ಮ. ಈ ವಯಸ್ಸಲ್ಲಿ, ಒಂದೇ ಕೈಯಲ್ಲಿ ಇಷ್ಟು ಮಾಡ್ತಾರಲ್ಲ, ಅದೇ ದೊಡ್ಡದು. ಅಭ್ಯಾಸ ಆದ್ರೆ ಸ್ಪೀಡೂ ಬರತ್ತೆ" ಎಂದರು. ಮಾಲೀಕರು ಕಾಫಿ ತರಲು ಹೇಳಿದರು.

ಮೇಡಂ ಕಾಫಿ ಕುಡಿಯದೆ ಎದ್ದು ಹೋದರು. ಮಾಲೀಕರು ಹೇಳಿದ್ದ ಕಾರಿನಲ್ಲಿ ಕೂರಲಿಲ್ಲ. ನಾನು ಬಸ್ ಸ್ಟ್ಯಾಂಡಿನ ತನಕ ಜತೆಗೆ ಹೋದೆ. ಅವರು ಬಸ್ಸಿನ ಕಂಬಿಯನ್ನು ಬಲಗೈಯಲ್ಲಿ ಹಿಡಿದು ಹತ್ತಿದರು. ಕೈ ಗಟ್ಟಿಯಾಗಿಯೇ ಹಿಡಿದಿತ್ತು.

ಆರ್ಡರು ಬಂತು. ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಮಾಲೀಕರು ಅದನ್ನೂ ಮಾಡಲಿಲ್ಲ. "ನಿಮ್ಮ ಆ ಸೆಟ್ಟಿಂಗ್ ಪುಟ ಇತ್ತಲ್ಲ, ಈಗ ಹಾಕ್ಕೊಳ್ಳಿ ಬೇಕಾದ್ರೆ" ಎಂದು ದಾರಿಯಲ್ಲಿ ಹೋಗುತ್ತಾ ಹೇಳುವ ಹಾಗೆ ಹೇಳಿದರು. ಹಳೆಯದನ್ನು ತಿರುಗಿ ತಂದು, ಟೈಮರ್ ತೆಗೆದು, ಪರೀಕ್ಷೆ ಮಾಡುವುದಕ್ಕೆ ಹಿಡಿದದ್ದು ಅರ್ಧ ದಿನ. ಬಾಗೂರಿನ ಸಹೋದ್ಯೋಗಿ ಪಕ್ಕದಲ್ಲಿ ಕೂತು ಪರೀಕ್ಷೆಗೆ ನೆರವಾದರು. ಅಷ್ಟು ಸುಲಭವಿತ್ತು ಎಂಬುದೇ ನನಗೆ ಹೆಚ್ಚು ಕಹಿಯಾಯಿತು. ಯಾರಿಗೂ ಮೇಡಂ ಮೇಲೆ ಹಗೆಯಿರಲಿಲ್ಲ. ಯಾರೂ ಅವರನ್ನು ನೆನೆದಿರಲಿಲ್ಲ, ಅಷ್ಟೇ.

ಅದನ್ನು ತೆಗೆದುಕೊಂಡು ಹೊಳೆನರಸೀಪುರಕ್ಕೆ ಹೋದೆ. ಯುವತಿ ಊಟಕ್ಕೆ ಹೋಗಿದ್ದಳು, ಮೇಜು ಖಾಲಿಯಿತ್ತು. ಪತ್ರ ಬರಹಗಾರರು, "ಆಕಮ್ಮ, ನಂದೇನೂ ಅಡ್ಡಿಲ್ಲ. ಮಧ್ಯಾಹ್ನದ ಮ್ಯಾಲೆ ಅವರೇ ಕುಂತ್ಕಳ್ಲಿ" ಎಂದರು.

ಮೇಡಂ ಬೆಂಚಿನಿಂದ ಏಳಲಿಲ್ಲ.

"ಮೊದಲಿನ ಹಾಗೇ ಮಾಡಿದೀನಿ ಮೇಡಂ. ಟೈಮರ್ ಇಲ್ಲ. ಅಪ್‌ಡೇಟ್ ಬಂದ್ರೂ ನಿಮ್ಮ ಹೆಸರಲ್ಲಿರೋದು ಬದಲಾಗಲ್ಲ. ಒಂದು ಸಲ ಕೂತು ನೋಡಿ."

"ಮಾಡಿರ್ತೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ" ಎಂದರು. ಎದುರಿಗಿದ್ದ ಪತ್ರದಲ್ಲಿ ಒಂದು ಅಕ್ಷರಕ್ಕೆ ಕೆಂಪು ಗುರುತು ಹಾಕಿ ಪುಟ ತಿರುಗಿಸಿದರು. "ಆದ್ರೆ ಬೇಡಮ್ಮ. ಇನ್ಮೇಲೆ ಒಂದು ಅಕ್ಷರ ತಪ್ಪಿದ್ರೂ, ಇದು ಕೈದೋ ಕಂಪ್ಯೂಟರ್‌ದೋ ಅಂತ ನಾನು ಭಯಪಟ್ಕೊಂಡ್ ಕೂರಬೇಕು. ನಿಜವಾಗಿ ಕೈಗೇ ಬಂದ ದಿವಸ, ಕಂಪ್ಯೂಟರ್‌ದು ಅಂತ ಸುಮ್ಮನಿದ್ದುಬಿಡ್ತೀನಿ. ಎರಡೂ ಬೇಡ."

ನಾನು ಇನ್ನೊಂದು ಸಲ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಹಳ್ಳಿಯ ಪಾರ್ಟಿಯೊಂದು ಒಳಗೆ ಬಂದು, ತಮ್ಮ ಪತ್ರ ಆಯಿತೇ ಎಂದು ಕೇಳಿತು. ಮೇಡಂ ಅವರನ್ನು ಎದುರಿಗೆ ಕೂರಿಸಿಕೊಂಡು, ಹೆಸರು, ತಂದೆಯ ಹೆಸರು, ಊರು ಎಲ್ಲವೂ ಸರಿಯಿದೆಯೇ ಕೇಳಿಸಿಕೊಳ್ಳಿ ಎಂದು ಮೊದಲ ಸಾಲಿನಿಂದ ಓದತೊಡಗಿದರು.